ತೋಟದ ಮನೆಯಲ್ಲಿ ಆಡಿಯೋ ಇಂಟರ್ಫೇಸ್ ಇಟ್ಟು ಯಕ್ಷಗಾನದ ಪದ್ಯ ರೆಕಾರ್ಡ್ ಮಾಡಿದ ಅನುಭವ

ದೊಡ್ಡಪ್ಪನ ಪದ್ಯಗಳ ರೆಕಾರ್ಡಿಂಗ್ ಅಂತೂ ಈ ವಾರ ಮುಗೀತು. ನೆನಪು ಹಸಿ ಇರುವಾಗಲೇ ಬರೆದಿಡ್ತೇನೆ, ಯಾಕಂದ್ರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೆಲವರು ಈಗಲೇ ಫೋನ್ ಮಾಡಿ ಯಾವ ಇಂಟರ್ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ತಕೊಳ್ಳುದು ಅಂತ ಕೇಳ್ತಾ ಇದ್ದಾರೆ. ಯಾವುದು ತಕೊಳ್ಳುದು ಅನ್ನುದು ಇದರಲ್ಲಿ ಎಲ್ಲಕ್ಕಿಂತ ಸುಲಭದ ಪ್ರಶ್ನೆ. ಪೆಟ್ಟಿಗೆ ಮನೆಗೆ ಬಂದ ಮೇಲೆ ಕರೆಂಟು, ಲ್ಯಾಪ್‌ಟಾಪು, ರೂಮು, ಮಳೆ ಇದೆಲ್ಲ ಎದುರು ಬಂದು ನಿಲ್ತದಲ್ಲ, ಅದನ್ನು ನನಗೆ ಯಾರೂ ಹೇಳಿರ್ಲಿಲ್ಲ. ವಿಡಿಯೋಗಳಲ್ಲಿ ತೋರಿಸುದು ಗಿಟಾರು ಮತ್ತೆ ಎಸಿ ರೂಮು. ಚೆಂಡೆ, ಮದ್ದಳೆ, ಜಾಗಟೆ, ಭಾಗವತರ ಸ್ವರ ಎಲ್ಲ ಒಂದೇ ಕೋಣೆಯಲ್ಲಿ ಹಿಡಿಯುದು ಹೇಗೆ ಅಂತ ಅಲ್ಲಿ ಸಿಕ್ಕುದಿಲ್ಲ.

ದೊಡ್ಡಪ್ಪ ಹವ್ಯಾಸಿ ಭಾಗವತರು, ಅಂದ್ರೆ ಯಕ್ಷಗಾನದ ಪದ್ಯ ಹಾಡುವವರು, ತೆಂಕುತಿಟ್ಟು ಶೈಲಿ, ವಯಸ್ಸು 70 ದಾಟಿದೆ. ಅವರು ಹಿಂದೆ ಹಾಡಿದ ಕ್ಯಾಸೆಟ್‌ಗಳಿಗೆಲ್ಲ ಬೂಷ್ಟು ಹಿಡಿದು ಹೋಗಿದೆ, ಇರುದು ಫೋನಲ್ಲಿ ಯಾರ್ಯಾರೋ ಹಿಡಿದ ತುಣುಕುಗಳು ಮಾತ್ರ. ಫೋನಿನ ರೆಕಾರ್ಡಿಂಗಲ್ಲಿ ಒಂದು ತೊಂದರೆ ಉಂಟು, ಅದು ಶಬ್ದದ ಮಟ್ಟವನ್ನು ತಾನೇ ಹೆಚ್ಚು ಕಮ್ಮಿ ಮಾಡ್ತಾ ಇರ್ತದೆ, ಚೆಂಡೆಗೆ ಕೋಲು ಬಿದ್ದ ಕೂಡ್ಲೆ ಎಲ್ಲವನ್ನೂ ಕೆಳಗೆ ಅದುಮ್ತದೆ, ಅದರೊಟ್ಟಿಗೆ ಭಾಗವತರ ಸ್ವರವೂ ಮುಳುಗ್ತದೆ. ಹಾಗೆ ಎರಡು ಯುಎಸ್‌ಬಿ ಮೈಕ್ ತಕೊಳ್ಳುವ ಅಂತ ಮೊದಲು ಯೋಚನೆ ಇತ್ತು, ಆದ್ರೆ ಪ್ರತಿ ಯುಎಸ್‌ಬಿ ಮೈಕಿನ ಒಳಗೆ ಅದರದ್ದೇ ಗಡಿಯಾರ ಇರ್ತದೆ, ಎರಡನ್ನೂ ಒಂದೇ ಲ್ಯಾಪ್‌ಟಾಪಿಗೆ ಹಾಕಿ ಒಟ್ಟಿಗೆ ಹಿಡಿದ್ರೆ ಸ್ವಲ್ಪ ಹೊತ್ತಲ್ಲಿ ಒಂದರಿಂದ ಒಂದು ಜಾರ್ಲಿಕ್ಕೆ ಶುರು. ಇಂಟರ್ಫೇಸ್ ಬೇಕಾಗುದು ಇದಕ್ಕೇ. ಮೈಕಿಂದ ಬರುವ ಸಣ್ಣ ಸಿಗ್ನಲನ್ನು ಅದು ದೊಡ್ಡದು ಮಾಡ್ತದೆ, ಎಲ್ಲ ಮೈಕನ್ನೂ ಒಂದೇ ಗಡಿಯಾರದಲ್ಲಿ ಡಿಜಿಟಲ್ ಮಾಡಿ ಯುಎಸ್‌ಬಿಯಲ್ಲಿ ಕಳಿಸ್ತದೆ, ಹೆಡ್‌ಫೋನಿಗೆ ವಾಪಸು ಕೊಡ್ತದೆ. ಅಷ್ಟೇ ಅದರ ಕೆಲಸ.

ಮನಸ್ಸಲ್ಲಿ ಇದ್ದದ್ದು ನಾಲ್ಕು ಇನ್‌ಪುಟ್‌ನದ್ದು, ಹಣ ಇದ್ದದ್ದು ಎರಡು ಇನ್‌ಪುಟ್‌ಗೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಹಿಡಿದು ಮತ್ತೆ ಜೋಡಿಸ್ಬಹುದಲ್ಲ ಅಂತ ಕೆಲವರು ಹೇಳಿದ್ರು, ಸಿನೆಮಾ ಹಾಡಿಗೆ ಅದು ಸರಿ, ಆದ್ರೆ ನಮ್ಮ ಹಿಮ್ಮೇಳದಲ್ಲಿ ಭಾಗವತರ ಕೈ, ಮುಖ ನೋಡಿಯೇ ಚೆಂಡೆಯವ್ರು ಬಿಡ್ತಿಗೆ (ಪದ್ಯದ ನಡುವೆ ಬಾರಿಸುವ ಪೆಟ್ಟುಗಳ ಸಾಲು) ತೆಗಿಯುದು, ಅವರನ್ನು ಬೇರೆ ಬೇರೆ ಕೂರಿಸಿದ್ರೆ ಪದ್ಯದ ಜೀವವೇ ಹೋಗ್ತದೆ. ಹಾಗಾಗಿ ಸ್ವರಕ್ಕೆ ಒಂದು ಮೈಕು, ಚೆಂಡೆ ಮದ್ದಳೆ ಎರಡಕ್ಕೂ ಸೇರಿಸಿ ಒಂದು ಮೈಕು ಅಂತ ತೀರ್ಮಾನ ಮಾಡಿದೆ. ಫೋಕಸ್‌ರೈಟ್, ಬೆಹ್ರಿಂಗರ್, ಪ್ರಿಸೋನಸ್, ಆಡಿಯೆಂಟ್ ಎಲ್ಲರದ್ದೂ ಎರಡು ಮೈಕ್ ಹಾಕುವ ಮಾಡೆಲ್ ಉಂಟು. ತಕೊಳ್ಳುವಾಗ ನೋಡ್ಬೇಕಾದ್ದು ಒಂದೇ, ಎರಡೂ ಮೈಕ್ ಇನ್‌ಪುಟ್ಟೇ ಹೌದಾ ಅಂತ. ಕೆಲವು ಕಮ್ಮಿ ರೇಟಿನದ್ದರಲ್ಲಿ ಒಂದು ಮೈಕಿಗೆ, ಇನ್ನೊಂದು ಗಿಟಾರ್ ಅಥವಾ ಕೀಬೋರ್ಡಿಗೆ ಮಾತ್ರ ಇರ್ತದೆ, ಡಬ್ಬಿಯ ಮೇಲೆ ಎರಡು ಇನ್‌ಪುಟ್ ಅಂತಲೇ ಬರೆದಿರ್ತಾರೆ.

ಮಂಗಳೂರಿಗೆ ಹೋಗಿ ಕೇಳಿದೆ, ಅಂಗಡಿಯಲ್ಲಿ ಒಂದು ಮೈಕಿನದ್ದು ಮಾತ್ರ ಇತ್ತು, ತರಿಸಿಕೊಡ್ತೇವೆ ಅಂದ್ರು, ಕಾದು ಕಾದು ಕೊನೆಗೆ ಬೆಂಗಳೂರಿನ ಡೀಲರಿಂದ ಆನ್‌ಲೈನಲ್ಲಿ ತರಿಸಿದೆ. ಗಡಿ ದಾಟಿ ಕೇರಳಕ್ಕೆ ಬಂದ್ರೆ ಟ್ಯಾಕ್ಸ್ ಜಾಸ್ತಿ ಬೀಳ್ತದೆ ಅಂತ ಊರಲ್ಲಿ ಒಂದು ಮಾತುಂಟು. ಹಾಗೇನಿಲ್ಲ, ಕರ್ನಾಟಕದ ಒಳಗೆ ತಕೊಂಡ್ರೆ ಬಿಲ್ಲಲ್ಲಿ 9 ಮತ್ತೆ 9 ಅಂತ ಎರಡು ಸಾಲು, ಇಲ್ಲಿಗೆ ತರಿಸಿದ್ರೆ ಐಜಿಎಸ್‌ಟಿ 18 ಅಂತ ಒಂದೇ ಸಾಲು, ಒಟ್ಟು ಒಂದೇ. ಕಷ್ಟ ಆದದ್ದು ಡೆಲಿವರಿಯದ್ದು. ನಮ್ಮ ಅಡ್ರೆಸ್ಸಲ್ಲಿ ಮನೆ ಹೆಸರು, ಅಂಚೆ, ವಯಾ ಅಂತ ಇರ್ತದೆ ಬಿಟ್ರೆ ರಸ್ತೆಯ ಹೆಸರು ಅಂತ ಇಲ್ಲ, ಕೊರಿಯರಿನವ ತೋಟದ ಒಳಗೆ ಬರ್ಲಿಕ್ಕಿಲ್ಲ, ಪೆಟ್ಟಿಗೆ ಪೇಟೆಯ ಆಫೀಸಲ್ಲಿ ಬಿದ್ದಿರ್ತದೆ, ಫೋನ್ ತಾಗದಿದ್ರೆ ವಾಪಸು ಹೋಗುವ ಅಪಾಯವೂ ಉಂಟು. ಅಡ್ರೆಸ್ಸಲ್ಲಿ ಶಾಲೆಯೋ ದೇವಸ್ಥಾನವೋ ಗುರುತಿಗೆ ಒಂದು ಹಾಕಿ, ನೆಟ್ವರ್ಕ್ ಸಿಕ್ಕುವ ಎರಡು ಫೋನ್ ನಂಬರ್ ಕೊಡಿ.

ಪೆಟ್ಟಿಗೆ ಒಡೆಯುವಾಗ ವಿಡಿಯೋ ಮಾಡಿ, ಅಡಿಯಲ್ಲಿರುವ ಸೀರಿಯಲ್ ನಂಬರಿನ ಫೋಟೋ ತೆಗೆದಿಡಿ, ಬಿಲ್ಲಿನ ಪಿಡಿಎಫನ್ನು ನಿಮ್ಮದೇ ಮೇಲ್‌ಗೆ ಒಂದು ಕಳಿಸಿಡಿ. ಕಂಪೆನಿಯ ಸೈಟಲ್ಲಿ ಅದೇ ದಿನ ರಿಜಿಸ್ಟರ್ ಮಾಡಿ. ಇದು ನನ್ನ ಕೈಹಿಡಿದದ್ದು ಮುಂದೆ ಹೇಳ್ತೇನೆ.

ಮತ್ತೆ ಡ್ರೈವರು, ಅಂದ್ರೆ ಪೆಟ್ಟಿಗೆಯನ್ನು ಲ್ಯಾಪ್‌ಟಾಪಿಗೆ ಪರಿಚಯಿಸುವ ಸಾಫ್ಟ್‌ವೇರು. ವಿಂಡೋಸಲ್ಲಿ ಪೆಟ್ಟಿಗೆಯನ್ನು ಸುಮ್ಮನೆ ಚುಚ್ಚಿದ್ರೆ ಶಬ್ದ ಬರ್ತದೆ, ಆದ್ರೆ ಅದು ವಿಂಡೋಸಿನ ಮಾಮೂಲಿ ದಾರಿಯಲ್ಲಿ ಸುತ್ತಿ ಬರುವ ಕಾರಣ ತಡ ಆಗ್ತದೆ. ಕಂಪೆನಿಯ ಎಎಸ್ಐಒ ಅನ್ನುವ ತಡ ಕಮ್ಮಿ ಮಾಡುವ ಡ್ರೈವರ್ ಹಾಕಿ, ರೆಕಾರ್ಡಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗಲ್ಲಿ ಅದನ್ನೇ ಆರಿಸ್ಬೇಕು. ಕಂಪೆನಿಯದ್ದು ಇಲ್ಲದಿದ್ರೆ ಮಾತ್ರ ಎಎಸ್ಐಒ4ಆಲ್ ಅನ್ನುವ ಪುಕ್ಕಟೆಯದ್ದು. ಮ್ಯಾಕ್ ಇರುವವರಿಗೆ ಈ ತಲೆಬಿಸಿ ಹೆಚ್ಚಿಲ್ಲ. ರೆಕಾರ್ಡ್ ಮಾಡುವ ಸಾಫ್ಟ್‌ವೇರಿಗೆ ನಾನು ರೀಪರ್ ಹಾಕಿದೆ, 60 ದಿನ ಪೂರ್ತಿಯಾಗಿ ನೋಡ್ಲಿಕ್ಕೆ ಬಿಡ್ತಾರೆ, ಮತ್ತೆ ಮನೆಬಳಕೆಯ ಲೈಸೆನ್ಸ್ 60 ಡಾಲರ್. ಸಣ್ಣ ಲ್ಯಾಪ್‌ಟಾಪಿಗೆ ಹಗುರ. ನಡುನಡುವೆ ಚಟ್ ಚಟ್ ಅಂತ ಒಡೆದ ಶಬ್ದ ಬರ್ತಾ ಇತ್ತು, ಅದು ಹೋದದ್ದು ಯುಎಸ್‌ಬಿ ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿದ ಮೇಲೆ, ಪವರ್ ಸೆಟ್ಟಿಂಗಲ್ಲಿ ಯುಎಸ್‌ಬಿಯನ್ನು ನಿದ್ದೆಗೆ ಕಳಿಸುವ ಆಯ್ಕೆ ತೆಗೆದ ಮೇಲೆ, ಮತ್ತೆ ರೆಕಾರ್ಡ್ ಮಾಡುವಾಗ ವೈಫೈ ಬಂದ್ ಮಾಡಿದ ಮೇಲೆ.

ಅಷ್ಟಾದ ಮೇಲೆ ಹಿಡಿದದ್ದು ಗುಂಯ್ ಅನ್ನುವ ಶಬ್ದ. ಇದರಲ್ಲಿ ನಾನು ನಿಜವಾಗಿ ಸೋತುಹೋದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿದ್ರೆ ಒಂದೇ ಸಮ ಗುಂಯ್, ದೊಡ್ಡಪ್ಪ ಬಾಯಿ ಬಿಡುವ ಮೊದಲೇ ಅಲ್ಲಿ ಯಾರೋ ಕೆಳಗಿನ ಶ್ರುತಿ ಹಿಡಿದ ಹಾಗೆ. ಮೈಕ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಫ್ರಿಜ್ ಬಂದ್ ಮಾಡಿದೆ, ಟ್ಯೂಬ್‌ಲೈಟ್ ತೆಗೆದೆ. ಹಾಗೇ ಒಮ್ಮೆ ಲ್ಯಾಪ್‌ಟಾಪಿನ ಚಾರ್ಜರ್ ಎಳೆದಾಗ ಒಮ್ಮೆಲೇ ನಿಶ್ಶಬ್ದ. ನಮ್ಮ ಕರೆಂಟು 50 ಹರ್ಟ್ಸಿನದ್ದು, ಅರ್ತಿಂಗ್ ಸರಿ ಇಲ್ಲದಿದ್ರೆ ಅದರ ಶಬ್ದ ಚಾರ್ಜರಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಯುಎಸ್‌ಬಿ ಕೇಬಲಲ್ಲಿ ಇಂಟರ್ಫೇಸಿಗೆ ಬರ್ತದೆ. ಬ್ಯಾಟರಿಯಲ್ಲೇ ನಡೆಸುವ ಅಂದ್ರೆ ನನ್ನ ಹಳೆ ಲ್ಯಾಪ್‌ಟಾಪು ಒಂದು ಪ್ರಸಂಗದ ಕಾಲು ಭಾಗಕ್ಕೂ ನಿಲ್ಲುದಿಲ್ಲ.

ಎಲೆಕ್ಟ್ರಿಶಿಯನ್ ಬಂದು ನೋಡಿದಾಗ ಆ ಕೋಣೆಯ ಪ್ಲಗ್ಗಿಗೆ ಅರ್ತಿನ ವಯರ್ ಜೋಡಿಸಿಯೇ ಇಲ್ಲ, ಮನೆ ಕಟ್ಟಿದಾಗಿನಿಂದ ಹಾಗೆಯೇ ಉಂಟು. ಅದನ್ನು ಜೋಡಿಸಿದ ಮೇಲೆ ಶಬ್ದ ಅರ್ಧ ಇಳೀತು, ಪೂರ್ತಿ ಹೋಗ್ಲಿಲ್ಲ. ಹಿತ್ತಿಲಿನ ಅರ್ತ್ ಗುಂಡಿ ನೋಡಿದ್ರೆ ಒಣಗಿ ಬಿರುಕು ಬಿಟ್ಟಿತ್ತು. ನಮ್ಮದು ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ನೀರಿನ ಪಸೆ ಇರುದಿಲ್ಲ, ಒಣ ಮುರಕಲ್ಲಲ್ಲಿ ಕರೆಂಟು ಸರಿಯಾಗಿ ಭೂಮಿಗೆ ಇಳಿಯುದಿಲ್ಲ. ಗುಂಡಿ ಬಿಡಿಸಿ ಇದ್ದಿಲು, ಉಪ್ಪು ಹಾಕಿ ದಿನಾ ನೀರು ಬಿಟ್ಟ ಮೇಲೆ ಗುಂಯ್ ನಿಂತಿತು. ತೋಟಕ್ಕೆ ಬಿಡುವ ನೀರಲ್ಲಿ ಎರಡು ಕೊಡ ಅಲ್ಲಿಗೂ ಹಾಕಿ, ಮನೆಯವರ ಜೀವಕ್ಕೂ ಒಳ್ಳೆಯದು. ಕೆಲವರು ಚಾರ್ಜರಿನ ಮೂರನೇ ಪಿನ್ ಮುರಿದುಬಿಡಿ ಅಂತ ಉಪಾಯ ಹೇಳ್ತಾರೆ, ದಯವಿಟ್ಟು ಮಾಡ್ಬೇಡಿ, ಹಾಡುವವರು ಬೆವರಿದ ಕೈಯಲ್ಲಿ ಮೈಕು, ಸ್ಟಾಂಡು ಹಿಡಿತಾರೆ, ಆ ಪಿನ್ ಇರುದು ಶಾಕ್ ಹೊಡಿಯದ ಹಾಗೆ. ಮತ್ತೊಂದು, ಕರೆಂಟು ಹೋಗಿ ಇನ್ವರ್ಟರ್ ಹಿಡಿದಾಗ ಬೇರೆಯೇ ಒಂದು ಜುಂಯ್ ಬಂತು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರುಗಳು ಹಾಗೆಯೇ, ಅದರಲ್ಲಿ ರೆಕಾರ್ಡಿಂಗ್ ಇಟ್ಟುಕೊಳ್ಳುವುದೇ ಬೇಡ, ಆಗ ಚಾರ್ಜರ್ ತೆಗೆದು ಬ್ಯಾಟರಿಗೆ ಬನ್ನಿ.

ಇಷ್ಟು ಸರಿಯಾದ ಮೇಲೆ ದೊಡ್ಡಪ್ಪನನ್ನು ಕೂರಿಸಿದೆ, ನೀರ್ಚಾಲಿನ ಒಬ್ಬರು ಮಾಷ್ಟ್ರು ಮದ್ದಳೆಗೆ ಬಂದಿದ್ರು. ಎರಡು ಸಾಲು ಹಾಡಿ ದೊಡ್ಡಪ್ಪ ಹೆಡ್‌ಫೋನ್ ತೆಗೆದು ಇಟ್ಟುಬಿಟ್ರು.

"ನಾನು ಹಾಡಿದ್ದು ನನ್ನ ಬೆನ್ನ ಹಿಂದಿಂದ ಬರ್ತಾ ಉಂಟಲ್ಲ ಮಾರಾಯ, ಜಾಗಟೆಗೆ ಎಲ್ಲಿ ಹೊಡಿಯುದು ನಾನು?"

"ಸ್ವಲ್ಪ ನಿಲ್ಲಿ ದೊಡ್ಡಪ್ಪ, ಸೆಟ್ಟಿಂಗ್ ನೋಡ್ತೇನೆ" ಅಂದೆ.

"ನೀನು ನೋಡು. ಮಾಷ್ಟ್ರಿಗೆ ಚಾ ಆದ್ರೂ ಆಗ್ಲಿ ಅಷ್ಟೊತ್ತಿಗೆ."

ಅವರಿಗೆ ಬೇಜಾರಾದದ್ದು ನನಗೆ ಗೊತ್ತಾಯ್ತು. ಐವತ್ತು ವರ್ಷ ತಾಳ ತಪ್ಪದೆ ಹಾಡಿದವರಿಗೆ ಯಂತ್ರದಿಂದಾಗಿ ತಾಳ ತಪ್ಪಿದ್ರೆ ಯಾರಿಗೆ ಆದ್ರೂ ನೋವಾಗ್ತದೆ. ಇದಕ್ಕೆ ಲೇಟೆನ್ಸಿ ಅಂತ ಹೇಳುದು. ಲೆಕ್ಕ ಹೀಗೆ: ಬಫರ್ (ಲ್ಯಾಪ್‌ಟಾಪು ಒಮ್ಮೆಗೆ ಒಟ್ಟು ಮಾಡುವ ಶಬ್ದದ ತುಣುಕು) 1024 ಸ್ಯಾಂಪಲ್ ಇದ್ದು ರೇಟ್ ಸೆಕೆಂಡಿಗೆ 48,000 ಇದ್ರೆ ಒಂದು ದಿಕ್ಕಿಗೆ 21 ಮಿಲಿಸೆಕೆಂಡ್, ಹೋಗಿ ಬರುವಾಗ 40 ದಾಟ್ತದೆ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಹೋಗ್ಲಿಕ್ಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದ್ರೆ ರಂಗಸ್ಥಳದಲ್ಲಿ ಪಕ್ಕದಲ್ಲೇ ಇರುವ ಮದ್ದಳೆಯನ್ನು ಹದಿನಾಲ್ಕು ಮೀಟರ್ ದೂರ ಕೂರಿಸಿದಷ್ಟು ತಡ. ಬಫರ್ 128ಕ್ಕೆ ಇಳಿಸಿದ್ರೆ ಒಂದು ದಿಕ್ಕಿಗೆ 3 ಮಿಲಿಸೆಕೆಂಡಿಗಿಂತ ಕಮ್ಮಿ, ಆದ್ರೆ ನನ್ನ ಲ್ಯಾಪ್‌ಟಾಪಿಗೆ ಅಷ್ಟು ತಾಕತ್ತಿಲ್ಲ, ಮತ್ತೆ ಚಟ್ ಚಟ್ ಶುರುವಾಯ್ತು.

ಪರಿಹಾರ ಪೆಟ್ಟಿಗೆಯ ಮೇಲೆಯೇ ಇತ್ತು, ಡೈರೆಕ್ಟ್ ಮಾನಿಟರ್ ಅನ್ನುವ ಸ್ವಿಚ್. ಅದನ್ನು ಒತ್ತಿದ್ರೆ ಮೈಕಿನ ಶಬ್ದ ಲ್ಯಾಪ್‌ಟಾಪಿಗೆ ಹೋಗಿ ಬರುವ ಮೊದಲೇ ನೇರ ಹೆಡ್‌ಫೋನಿಗೆ ಬರ್ತದೆ, ತಡ ಅನ್ನುದೇ ಇಲ್ಲ. ಆಗ ಸಾಫ್ಟ್‌ವೇರಿನ ಒಳಗಿನ ಮಾನಿಟರಿಂಗ್ ಬಂದ್ ಮಾಡ್ಬೇಕು, ಇಲ್ಲದಿದ್ರೆ ಎರಡೆರಡು ಸಲ ಕೇಳ್ತದೆ. ಇಷ್ಟು ಮಾಡಿದ ಮೇಲೆ ಬಫರ್ 1024 ಇದ್ರೂ ತೊಂದರೆ ಇಲ್ಲ. ಕೆಲವು ಮಾಡೆಲಲ್ಲಿ ಈ ಸ್ವಿಚ್ಚಿಗೆ ಸ್ಟೀರಿಯೋ, ಮೋನೋ ಅಂತ ಎರಡು ಇರ್ತದೆ, ಮೋನೋ ಇಡಿ, ಇಲ್ಲದಿದ್ರೆ ಸ್ವರ ಒಂದು ಕಿವಿಗೆ ಮದ್ದಳೆ ಒಂದು ಕಿವಿಗೆ. ಕೊನೆಗೆ ದೊಡ್ಡಪ್ಪ ಒಂದು ಕಿವಿಗೆ ಮಾತ್ರ ಹೆಡ್‌ಫೋನ್ ಇಟ್ಟು ಹಾಡಿದ್ರು, ಆ ದಿನ ಸಂಜೆವರೆಗೆ ಏಳಲೇ ಇಲ್ಲ.

ಚೆಂಡೆಯವ್ರು ಮೇಳದವ್ರು. ತಿರುಗಾಟ ಇರುವಾಗ ಅವರಿಗೆ ರಾತ್ರಿ ಆಟ, ಹಗಲು ನಿದ್ದೆ. ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೀಬೇಕು ಬಿಡುವು ಆಗ್ಬೇಕಾದ್ರೆ, ಅಂದ್ರೆ ಮೇ 24ರ ಹೊತ್ತಿಗೆ. ಜೂನ್ ಮೊದಲಿಗೆ ಮಳೆಗಾಲ ಬಂತು ಅಂತ ಲೆಕ್ಕ. ನಡುವೆ ಇರುವ ಆ ಕೆಲವೇ ದಿನದಲ್ಲಿ ಎಲ್ಲ ಮುಗಿಸುವ ಅಂತ ನಾನು ಇದ್ದದ್ದು. ಪತ್ತನಾಜೆಗೆ ಸ್ವಲ್ಪ ಮೊದಲು ಒಂದನೇ ಇನ್‌ಪುಟ್ಟಲ್ಲಿ ಚರ್ ಚರ್ ಅಂತ ಶಬ್ದ ಬರ್ಲಿಕ್ಕೆ ಶುರುವಾಯ್ತು. ಮೈಕ್ ಬದಲಾಯಿಸಿದ್ರೂ ಹೋಗ್ಲಿಲ್ಲ, ಕೇಬಲ್ ಬದಲಾಯಿಸಿದ್ರೂ ಹೋಗ್ಲಿಲ್ಲ, ಅದೇ ಮೈಕ್ ಎರಡನೆಯದ್ದಕ್ಕೆ ಹಾಕಿದ್ರೆ ಸರಿ, ಬೇರೆಯವರ ಲ್ಯಾಪ್‌ಟಾಪಲ್ಲೂ ಹಾಗೆಯೇ. ಈ ಕ್ರಮದಲ್ಲಿ ಒಂದೊಂದೇ ಬದಲಾಯಿಸಿ ವಿಡಿಯೋ ಮಾಡಿ ಇಟ್ಟುಕೊಳ್ಳಿ, ಸರ್ವಿಸಿನವರು ಕೇಳುದು ಇದನ್ನೇ.

ವಾರಂಟಿಗೆ ಬರೆದೆ. ಬಿಲ್, ಸೀರಿಯಲ್ ನಂಬರ್, ರಿಜಿಸ್ಟರ್ ಮಾಡಿದ ಮೇಲ್, ವಿಡಿಯೋ ಎಲ್ಲ ಕೇಳಿದ್ರು, ಎಲ್ಲವೂ ಇದ್ದ ಕಾರಣ ಟಿಕೆಟ್ ನಂಬರ್ (ದೂರಿನ ನಂಬರ್) ಬೇಗ ಬಂತು, ಪೆಟ್ಟಿಗೆಯನ್ನು ನಮ್ಮ ಖರ್ಚಲ್ಲಿ ಬೆಂಗಳೂರಿಗೆ ಕಳಿಸ್ಬೇಕು ಅಂದ್ರು. ಕೊರಿಯರ್ ಆಫೀಸಲ್ಲಿ ಇಲೆಕ್ಟ್ರಾನಿಕ್ ಸಾಮಾನು ಬೇರೆ ರಾಜ್ಯಕ್ಕೆ ಸುಮ್ಮನೆ ತಕೊಳ್ಳುದಿಲ್ಲ ಅಂತ ವಾಪಸು ಕಳಿಸಿದ್ರು. ಇದು ಮಾರಾಟಕ್ಕಲ್ಲ, ರಿಪೇರಿಗೆ ಕಳಿಸುದು ಅಂತ ಒಂದು ಕಾಗದ ಬರೆದು ಸಹಿ ಹಾಕಿ, ಅದರಲ್ಲಿ ಸಾಮಾನಿನ ಬೆಲೆ, ಸೀರಿಯಲ್ ನಂಬರ್, ಟಿಕೆಟ್ ನಂಬರ್ ಹಾಕಿ, ಹಳೇ ಬಿಲ್ಲಿನ ಕಾಪಿ, ಆಧಾರಿನ ಕಾಪಿ ಕೊಟ್ಟ ಮೇಲೆ ತಕೊಂಡ್ರು. ಬೆಲೆ 50,000 ದಾಟದ ಕಾರಣ ಸಾಮಾನು ಸಾಗಿಸ್ಲಿಕ್ಕೆ ಬೇಕಾದ ಇ-ವೇ ಬಿಲ್ ಅಂತೆಲ್ಲ ಬೇಕಾಗ್ಲಿಲ್ಲ. ಮಲಯಾಳದಲ್ಲಿ ಬರಿಬೇಕಾ ಅಂತ ಕೇಳುವವರಿಗೆ, ಇಂಗ್ಲಿಷಲ್ಲಿ ಬರೆದ್ರೆ ಎರಡೂ ಕಡೆ ನಡಿತದೆ. ಕಂಪೆನಿಯ ಒಳಗಿನ ಥರ್ಮಾಕೋಲ್, ಹೊರಗಿನ ಡಬ್ಬಿ ಎರಡೂ ಬಿಸಾಡದೆ ಇಟ್ಟದ್ದು ಆಗ ಉಪಯೋಗಕ್ಕೆ ಬಂತು.

ಮತ್ತೆ ಕಾಯುದು. ಪತ್ತನಾಜೆ ಕಳೀತು, ಚೆಂಡೆಯವ್ರು ಫೋನ್ ಮಾಡಿದ್ರು, "ನಾನು ಖಾಲಿ ಉಂಟು, ಯಾವಾಗ ಬರ್ಬೇಕು ಹೇಳಿ" ಅಂತ. ನನ್ನ ಹತ್ರ ಪೆಟ್ಟಿಗೆ ಇಲ್ಲ. ದೊಡ್ಡಪ್ಪ ದಿನಾ ಬೆಳಿಗ್ಗೆ ಸ್ವರ ಬಿಟ್ಟು ನೋಡ್ತಾ ಇದ್ರು, ಕೇಳ್ತಾ ಇರ್ಲಿಲ್ಲ ಬಂತಾ ಅಂತ, ನನಗೆ ಅದೇ ಹೆಚ್ಚು ಕಷ್ಟ ಆಗ್ತಾ ಇತ್ತು. ಈ ವಯಸ್ಸಲ್ಲಿ ಒಂದು ಮಳೆಗಾಲದ ಶೀತ ಸಾಕು ಸ್ವರ ಹೋಗ್ಲಿಕ್ಕೆ. ರಿಪೇರಿ ಮಾಡದೆ ಹೊಸತೇ ಕಳಿಸಿದ್ರು, ಅದು ಬಂದು ಮುಟ್ಟುವಾಗ ಮಳೆ ಹಿಡಿದಿತ್ತು. ಹೊಸ ಪೆಟ್ಟಿಗೆಗೆ ಹೊಸ ಸೀರಿಯಲ್ ನಂಬರ್, ಹಳೇ ಬಿಲ್ಲಲ್ಲಿ ಇರುದು ಹಳೇ ನಂಬರ್. ಬದಲಿ ಕೊಟ್ಟದ್ದಕ್ಕೆ ಅವರಿಂದ ಒಂದು ಮೇಲ್ ಕೇಳಿ ತರಿಸಿ ಬಿಲ್ಲಿನ ಒಟ್ಟಿಗೇ ಇಡಿ, ಮತ್ತೆ ರಿಜಿಸ್ಟರ್ ಮಾಡಿ.

ಮಳೆಗೆ ರೂಮೇ ಬದಲಾಯಿಸ್ಬೇಕಾಯ್ತು. ನಾನು ಮೊದಲು ಸಿದ್ಧ ಮಾಡಿದ್ದು ಮೇಲಿನ ಕೋಣೆ, ಅದರ ಮೇಲೆ ಶೀಟು, ಮಳೆ ಬಿದ್ರೆ ಮಾತಾಡಿದ್ದೇ ಕೇಳುದಿಲ್ಲ. ಕೆಳಗೆ ಅಡಿಕೆ ಗೋಣಿ ಇಡುವ ಕೋಣೆಗೆ ಮೇಲೆ ಸ್ಲ್ಯಾಬು, ಅದರ ಮೇಲೆ ಇನ್ನೊಂದು ಅಂತಸ್ತು, ಕಿಟಕಿ ಒಂದೇ. ಅಡಿಕೆ ತುಂಬಿದ ಗೋಣಿಗಳನ್ನು ಎರಡು ಗೋಡೆಗೆ ಒತ್ತಿ ಅಟ್ಟಿ ಇಟ್ಟೆವು, ಕಿಟಕಿಗೆ ಹತ್ತಿಯ ಹಾಸಿಗೆ, ನೆಲಕ್ಕೆ ಜಮಖಾನ. ಖಾಲಿ ಕೋಣೆಯಲ್ಲಿ ಚೆಂಡೆ ಹೊಡೆದ್ರೆ ಗೋಡೆಯಿಂದ ಗೋಡೆಗೆ ಬಡಿದು ಬರುವ ಶಬ್ದ ಎಷ್ಟು ಕಮ್ಮಿ ಆಯ್ತು ಅಂದ್ರೆ ಮಾಷ್ಟ್ರು ಬಂದವರೇ ಮದ್ದಳೆ ಒಮ್ಮೆ ತಟ್ಟಿ ನೋಡಿ "ಇದು ಬೇರೆಯೇ ಕೋಣೆ ಆಯ್ತಲ್ಲ" ಅಂದ್ರು. ಫೋಮ್ ತರಿಸುವ ಮೊದಲು ಮನೆಯಲ್ಲಿ ಇರುದನ್ನು ಒಟ್ಟು ಮಾಡಿ ನೋಡಿ. ಜೋರು ಮಳೆ ಬಂದಾಗ ನಿಲ್ಲಿಸುದು, ಹನಿ ಕಡಿದಾಗ ಹಿಡಿಯುದು, ಹಾಗೆ ನಡೀತು. ಸಂಜೆ ಆದ ಮೇಲೆ ಜೀರುಂಡೆ, ಕಪ್ಪೆ, ಆಗ ಆಗುದಿಲ್ಲ.

ಮೈಕಿನ ವಿಷಯ. ದೊಡ್ಡಪ್ಪನಿಗೆ ಡೈನಮಿಕ್ ಮೈಕು ಹತ್ತಿರ ಇಟ್ಟೆ, ಅದರ ಬೆನ್ನು ಚೆಂಡೆಯ ಕಡೆಗೆ. ಹಿಂದಿಂದ ಬರುವ ಶಬ್ದವನ್ನು ಅದು ಕಮ್ಮಿ ಹಿಡಿತದೆ, ಹಾಗಾಗಿ ಸ್ವರದ ಟ್ರಾಕಲ್ಲಿ ಚೆಂಡೆ ತುಂಬಿಹೋಗುದಿಲ್ಲ. ಶೂರ್ ಎಸ್ಎಂ58 ಅಂತ ನಮ್ಮ ಎಲ್ಲ ಸ್ಟೇಜಲ್ಲಿ ಕಾಣುವ ಮೈಕ್ ಉಂಟಲ್ಲ, 1966ರಿಂದ ಬರ್ತಾ ಇರುದು, ಆ ಜಾತಿಯದ್ದು ಯಾವುದಾದ್ರೂ ಸಾಕು. ಚೆಂಡೆ ಮದ್ದಳೆಗೆ ಕಂಡೆನ್ಸರ್ ಅನ್ನುವ ಹೆಚ್ಚು ಸೂಕ್ಷ್ಮದ ಮೈಕು, ಸ್ವಲ್ಪ ದೂರ, ಎತ್ತರದಲ್ಲಿ. ಕಂಡೆನ್ಸರಿಗೆ ಇಂಟರ್ಫೇಸಿಂದ ಕೇಬಲಲ್ಲೇ ಬರುವ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕೇ ಬೇಕು, ಎರಡು ಇನ್‌ಪುಟ್ಟಿನ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಒಂದೇ ಬಟನಲ್ಲಿ ಎರಡಕ್ಕೂ ಹೋಗ್ತದೆ, ಸರಿಯಾದ ಎಕ್ಸ್ಎಲ್ಆರ್ ಕೇಬಲ್ ಇದ್ರೆ ಡೈನಮಿಕಿಗೆ ಅದರಿಂದ ಏನೂ ಆಗುದಿಲ್ಲ. ಆದ್ರೆ ರಿಬ್ಬನ್ ಮೈಕ್ ಯಾರದ್ದಾದ್ರೂ ತಂದಿದ್ರೆ ಜಾಗ್ರತೆ, ಅದು ಈ ಪವರಿಂದ ಹಾಳಾಗ್ಬಹುದು. ಕೇಬಲ್ ತೆಗೆಯುವ ಮೊದಲು 48 ವೋಲ್ಟ್ ಬಂದ್ ಮಾಡಿ, ಸ್ವಲ್ಪ ನಿಂತು ತೆಗೀರಿ.

ಗೇನ್ (ಮೈಕಿನ ಶಬ್ದ ಎಷ್ಟು ದೊಡ್ಡದು ಮಾಡುದು ಅನ್ನುದು) ಇಡುದು ಮಾತಾಡಿಸಿ ಅಲ್ಲ. ಚೆಂಡೆಯವರಿಗೆ ಜೋರಿನ ಬಿಡ್ತಿಗೆ ಒಂದು ಪೂರ್ತಿ ಹೊಡೀರಿ ಅಂತ ಹೇಳಿ, ಅದರ ತುದಿ ಸಾಫ್ಟ್‌ವೇರಿನ ಮೀಟರಲ್ಲಿ ಮೈನಸ್ 12 ಡಿಬಿಯ ಹತ್ರ ನಿಲ್ಲುವ ಹಾಗೆ ಇಟ್ಟೆ. ಕಂಡೆನ್ಸರಿನಲ್ಲಿರುವ, ಶಬ್ದ ತಗ್ಗಿಸುವ ಮೈನಸ್ 10ರ ಪ್ಯಾಡ್ ಸ್ವಿಚ್ಚನ್ನೂ ಹಾಕ್ಬೇಕಾಯ್ತು. 24 ಬಿಟ್ಟಲ್ಲಿ ಹಿಡಿದ್ರೆ ಮೆಲ್ಲಗೆ ಇದ್ದದ್ದನ್ನು ಮತ್ತೆ ಏರಿಸ್ಲಿಕ್ಕೆ ಬೇಕಾದಷ್ಟು ಜಾಗ ಉಂಟು, ಕೆಂಪು ಲೈಟ್ ಹೊತ್ತಿ ಒಡೆದದ್ದನ್ನು ಮಾತ್ರ ಸರಿಮಾಡ್ಲಿಕ್ಕೆ ಆಗುದಿಲ್ಲ. ಶ್ರುತಿಪೆಟ್ಟಿಗೆ ದೊಡ್ಡಪ್ಪನ ಹತ್ತಿರವೇ ಮೆಲ್ಲಗೆ ಇಟ್ಟೆವು, ಅದು ಸ್ವಲ್ಪ ಮೈಕಿಗೆ ಬರ್ತದೆ, ಬರ್ಲಿ, ಕತ್ತರಿಸಿ ಜೋಡಿಸುವಲ್ಲಿ ಮಾತ್ರ ಎರಡು ತುಂಡನ್ನೂ ಒಂದರ ಮೇಲೆ ಒಂದು ಸ್ವಲ್ಪ ಹತ್ತಿಸಿ ಫೇಡ್ ಮಾಡ್ಬೇಕು, ಇಲ್ಲದಿದ್ರೆ ಶ್ರುತಿ ಟಕ್ ಅಂತ ಕಡಿತದೆ.

ಮೊದಲನೇ ಪದ್ಯ ಹಾಕಿ ಕೇಳಿಸಿದಾಗ ದೊಡ್ಡಪ್ಪ ತನ್ನ ಸ್ವರದ ಬಗ್ಗೆ ಏನೂ ಹೇಳ್ಲಿಲ್ಲ. "ಉರುಳಿಕೆಯ ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳ್ತದಲ್ಲ" ಅಂತ, ಚೆಂಡೆಯ ವೇಗದ ಪೆಟ್ಟುಗಳ ಬಗ್ಗೆ ಹೇಳಿ ಚೆಂಡೆಯವರ ಬೆನ್ನು ತಟ್ಟಿದ್ರು, ಮತ್ತೆ ಎರಡನೇ ಚರಣ ಇನ್ನೊಮ್ಮೆ ಹಾಡ್ತೇನೆ ಅಂದ್ರು. ನನಗೆ ಬೇಕಾದ್ದು ಅದೇ ಆಗಿತ್ತು, ಇನ್ನೊಮ್ಮೆ ಹಾಡುವ ಉಮೇದು.

ಖರ್ಚು ಕೇಳುವವರಿಗೆ: ಇಂಟರ್ಫೇಸಿಗೆ 14,500, ಕಂಡೆನ್ಸರ್ 6,000, ಡೈನಮಿಕ್ ಸೆಕೆಂಡ್ ಹ್ಯಾಂಡ್ 3,500, ಕಿವಿ ಮುಚ್ಚುವ ಹೆಡ್‌ಫೋನ್ 3,500, ಎರಡು ಸ್ಟಾಂಡ್ 2,600, ಕೇಬಲ್ 1,400, ಎಲೆಕ್ಟ್ರಿಶಿಯನ್ ಮತ್ತೆ ಅರ್ತಿಂಗ್ 1,800, ಕೊರಿಯರ್ 650. ಒಟ್ಟು 34 ಸಾವಿರದ ಹತ್ರ. ಲ್ಯಾಪ್‌ಟಾಪು ಮೊದಲೇ ಇತ್ತು. ಕಮ್ಮಿ ಮಾಡ್ಬೇಕಾದ್ರೆ ಮೈಕಲ್ಲಿ ಮಾಡಿ, ಅರ್ತಿಂಗಲ್ಲಿ ಮಾಡ್ಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಕಂಡೆನ್ಸರ್ ಮೈಕ್ ಬೇಗ ಹಾಳಾಗ್ತದೆ, ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

48 ಕಿಲೋಹರ್ಟ್ಸ್, 24 ಬಿಟ್ಟಲ್ಲಿ ಎರಡು ಟ್ರಾಕಿಗೆ ನಿಮಿಷಕ್ಕೆ 17 ಎಂಬಿ, ಗಂಟೆಗೆ ಒಂದು ಜಿಬಿ ಲೆಕ್ಕ. ಮೂಲ ಫೈಲುಗಳನ್ನು ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಲ್ಲಿ ಹಾಕಿ, ಒಂದನ್ನು ಬೇರೆ ಮನೆಯಲ್ಲಿ ಇಡಿ, ನಾನು ಒಂದು ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ. ವಾಟ್ಸಾಪಲ್ಲಿ ಯಾರಿಗಾದ್ರೂ ಕಳಿಸುದಾದ್ರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಆಗ ಫೈಲ್ ಇದ್ದ ಹಾಗೆಯೇ ಹೋಗ್ತದೆ. ಚೆಂಡೆಯವರಿಗೆ ಮತ್ತೆ ಮಾಷ್ಟ್ರಿಗೆ ನಾನು ಹಾಗೆಯೇ ಕಳಿಸಿದ್ದು, ಮಾಷ್ಟ್ರು ಮೂರನೇ ಪದ್ಯದಲ್ಲಿ ಮದ್ದಳೆ ಸ್ವಲ್ಪ ಏರಿಸ್ಬಹುದಿತ್ತು ಅಂತ ಹೇಳಿದ್ದಾರೆ, ಅದೊಂದು ನಾಳೆ ಸರಿಮಾಡ್ಲಿಕ್ಕುಂಟು.